ಗಾಯಗೊಂಡ ಗರುಡ, ಗೂಬೆಗಳನ್ನು ಮನೆಯಲ್ಲಿಟ್ಟು ಆರೈಕೆ ಮಾಡಲು ಲೈಸೆನ್ಸ್ ಎಲ್ಲಿ ಸಿಗ್ತದೆ?

ಮಲ್ಪೆಗಾಳಿ:

ಮಲ್ಪೆ ಬಂದರಿನ ಹತ್ತಿರ ಏಳೆಂಟು ಜನ ಸೇರಿ ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಒಂದು ತಂಡ ಮಾಡುವ ಅಂತ ಉಂಟು. ಇಲ್ಲಿ ಹೆಚ್ಚಾಗಿ ಸಿಗುವುದು ಗಾಳದ ನೂಲು ಸುತ್ತಿಕೊಂಡ ಗರುಡ, ಮತ್ತೆ ಒಣಗಿದ ತೆಂಗಿನಮರ ಕಡಿಯುವಾಗ ಬೀಳುವ ಗೂಬೆಮರಿ. ಹಿತ್ತಿಲಲ್ಲಿ 10×12 ಅಡಿಯ ಶೆಡ್ ಖಾಲಿ ಇದೆ. ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಪರ್ಮಿಟ್ ಕೊಡ್ತಾರಂತೆ. ನಮ್ಮಲ್ಲಿ ಅರ್ಜಿ ಹಾಕುವುದು ಎಲ್ಲಿ, ಅರಣ್ಯ ಇಲಾಖೆಯ ವಲಯ ಕಚೇರಿಗಾ ಬೆಂಗಳೂರಿಗಾ? ಅದು ಸಿಗುವವರೆಗೆ ಹಕ್ಕಿಯನ್ನು ಎರಡು ಮೂರು ದಿನ ಇಟ್ಟುಕೊಂಡರೆ ಎಂತಾದ್ರೂ ತೊಂದರೆ ಉಂಟಾ? ತಿನ್ನಿಸುವುದಕ್ಕೆ ಬೂತಾಯಿ ಮೀನು ಬೇಕಾದಷ್ಟು ಸಿಗ್ತದೆ.

ಕಡತಪ್ರಿಯ:

ಅಂಥ ಲೈಸೆನ್ಸೇ ಇಲ್ಲ ಮಾರಾಯ್ರೆ. ಫಾರ್ಮ್ ಹುಡುಕುವ ಕೆಲಸ ಇಲ್ಲಿಗೇ ಬಿಡಿ.

ಅಮೆರಿಕದ ಕ್ರಮ ಬೇರೆ. ಅಲ್ಲಿ ವಲಸೆ ಹಕ್ಕಿಗಳ ಆರೈಕೆಗೆ ಅವರ ಕೇಂದ್ರ ಸರ್ಕಾರವೇ ಪರ್ಮಿಟ್ ಕೊಡುತ್ತದೆ. 18 ವರ್ಷ ತುಂಬಿರಬೇಕು, ಕಡಿಮೆ ಅಂದರೆ ಒಂದು ವರ್ಷದ ಅವಧಿಯಲ್ಲಿ 100 ಗಂಟೆ ಸ್ವತಃ ಕೈಯಿಟ್ಟು ಕೆಲಸ ಮಾಡಿರಬೇಕು. ಅದರಲ್ಲಿ ತರಗತಿ, ಕಾರ್ಯಾಗಾರದ ಲೆಕ್ಕ 20 ಗಂಟೆಯವರೆಗೆ ಮಾತ್ರ. ಒಂದು ಹಕ್ಕಿಯನ್ನು 180 ದಿನ ಮೀರಿ ಇಟ್ಟುಕೊಳ್ಳಬೇಕಾದರೆ ಮತ್ತೆ ಬೇರೆ ಅನುಮತಿ. ನೀವು ಓದಿದ್ದು ಸರಿಯೇ, ಅದು ಇಲ್ಲಿಗೆ ಹೊಂದುವುದಿಲ್ಲ ಅಷ್ಟೆ.

ನಮ್ಮಲ್ಲಿ ಮಾನ್ಯತೆ ಇರುವುದು ಸಂಸ್ಥೆಗೆ, ವ್ಯಕ್ತಿಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ‘ಮೃಗಾಲಯ’ ಎಂಬ ಶಬ್ದದ ವ್ಯಾಖ್ಯೆಯೊಳಗೇ ರೆಸ್ಕ್ಯೂ ಸೆಂಟರ್ ಕೂಡ ಬರುತ್ತದೆ. ಅಂದರೆ ನಿಮ್ಮ ಶೆಡ್ಡಿಗೆ ‘ಪುನರ್ವಸತಿ ಕೇಂದ್ರ’ ಅಂತ ಬೋರ್ಡು ಹಾಕಿದ ದಿನವೇ 38ಎಚ್ ಕಲಮು ಎದುರು ನಿಲ್ಲುತ್ತದೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಶುರು ಮಾಡುವ ಹಾಗಿಲ್ಲ, ಮಾನ್ಯತೆ ಇಲ್ಲದೆ ನಡೆಸುವ ಹಾಗಿಲ್ಲ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನಕ್ಕೆ ಆ ಮಾನ್ಯತೆ ಉಂಟು. 10×12ರ ಶೆಡ್ಡಿಗೆ ಅದು ಬರುವ ಮಾತಲ್ಲ.

ಇನ್ನು ‘ಎರಡು ಮೂರು ದಿನ’ದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಕಾನೂನು ಮೀರಿ ಸಾಕಿಕೊಂಡ ಪ್ರಾಣಿ, ಸತ್ತು ಸಿಕ್ಕ ಪ್ರಾಣಿ ಎರಡೂ 39ನೇ ಕಲಮಿನ ಪ್ರಕಾರ ಸರ್ಕಾರದ ಸೊತ್ತು. ಅಂಥ ಸೊತ್ತು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರುವ ಅರಣ್ಯ ಅಧಿಕಾರಿಗೋ ವರದಿ ಕೊಡಬೇಕು, ಕೇಳಿದರೆ ಒಪ್ಪಿಸಬೇಕು. ಈ 48 ಗಂಟೆಯನ್ನು ‘ಎರಡು ದಿನ ಇಟ್ಟುಕೊಳ್ಳಬಹುದು’ ಅಂತ ಓದುವವರು ಬಹಳ. ಅದು ವರದಿ ಕೊಡುವುದಕ್ಕೆ ಇರುವ ಕೊನೆಯ ಗಡುವು, ಇಟ್ಟುಕೊಳ್ಳುವ ಪರವಾನಿಗೆ ಅಲ್ಲ. ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ, ನಾಶ ಮಾಡುವಂತೆಯೂ ಇಲ್ಲ. ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನವಿಲು, ಹೆಬ್ಬಾವು, ಚಿಪ್ಪುಹಂದಿಯಂಥ ಒಂದನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ, ಜೊತೆಗೆ 25,000ಕ್ಕೆ ಕಡಿಮೆಯಿಲ್ಲದ ದಂಡ.

ಹಕ್ಕಿ ನಿಮ್ಮ ಕೈಯಲ್ಲೇ ಸತ್ತರೂ ತೆಂಗಿನ ಬುಡದಲ್ಲಿ ಹೂತುಬಿಡಬೇಡಿ. ಮಹಜರು, ಮರಣೋತ್ತರ ಪರೀಕ್ಷೆ ಇಲಾಖೆಯ ಕೆಲಸ. ಮತ್ತೆ ರೀಲ್ಸ್. ಗರುಡನನ್ನು ತೋಳಿನ ಮೇಲೆ ಕೂರಿಸಿಕೊಂಡ ವಿಡಿಯೊ ನಿಮ್ಮ ವಿರುದ್ಧ ನೀವೇ ಕೊಟ್ಟ ಸಾಕ್ಷಿ.

ಹಾಗಾದರೆ ತಂಡ ಬೇಡವಾ? ಬೇಕು. ‘ಪುನರ್ವಸತಿ’ ಅನ್ನುವ ಶಬ್ದ ಬಿಟ್ಟು ‘ಸಾಗಣೆ’ ಅನ್ನಿ. ಮಲ್ಪೆ ಉಡುಪಿ ವಲಯಕ್ಕೆ ಸೇರಿದ್ದು, ವಿಭಾಗ ಕಚೇರಿ ಕುಂದಾಪುರದಲ್ಲಿ. ತಂಡದವರ ಹೆಸರು, ವಿಳಾಸ, ಯಾವ ಜಾಗದಿಂದ ಯಾವ ಜಾಗದವರೆಗೆ ಓಡಾಡುತ್ತೀರಿ, ಯಾವ ಪಶುವೈದ್ಯರ ಹತ್ತಿರ ಒಯ್ಯುತ್ತೀರಿ, ಇಷ್ಟನ್ನು ಬರೆದು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಪತ್ರ ಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ವಲಯ ಅರಣ್ಯಾಧಿಕಾರಿ ಬಾಯಲ್ಲಿ ‘ಆಯ್ತು ಮಾಡಿ’ ಅಂದದ್ದು ಅವರಿಗೆ ವರ್ಗವಾಗುವವರೆಗೆ ಮಾತ್ರ ನಡೆಯುತ್ತದೆ.

ರೆಕ್ಕೆಪುಕ್ಕ:

ಪಶುವೈದ್ಯಕೀಯ ಕಡೆಯಿಂದ ಸ್ವಲ್ಪ. ಇಂಜೆಕ್ಷನ್, ಹೊಲಿಗೆ, ಮೂಳೆ ಕೂರಿಸುವುದು, ಔಷಧದ ಪ್ರಮಾಣ ಹೇಳುವುದು ಇವು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ನೋಂದಾಯಿತ ವೈದ್ಯರ ಕೆಲಸ. ಯೂಟ್ಯೂಬ್ ನೋಡಿ ರೆಕ್ಕೆಗೆ ಐಸ್‌ಕ್ರೀಂ ಕಡ್ಡಿ ಕಟ್ಟುವವರಿದ್ದಾರೆ. ಮೂಳೆ ಓರೆಯಾಗಿ ಕೂಡಿಕೊಂಡರೆ ಆಮೇಲೆ ಸರಿಮಾಡಲು ದಾರಿಯೇ ಇರುವುದಿಲ್ಲ. ಮನೆಯಲ್ಲಿರುವ ನೋವಿನ ಮಾತ್ರೆ ಯಾವುದೂ ಬೇಡ. ಡೈಕ್ಲೋಫೆನಾಕ್ ರಣಹದ್ದುಗಳನ್ನು ಕೊಂದದ್ದಕ್ಕೇ 2006ರಲ್ಲಿ ಪ್ರಾಣಿಗಳ ಬಳಕೆಗೆ ನಿಷೇಧವಾದದ್ದು.

ಗಾಳದ ನೂಲಿನ ಗರುಡ ನಿಮ್ಮಲ್ಲಿ ದಿನಾ ಸಿಗುವಂಥದ್ದು, ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ. ದಪ್ಪ ಬೈರಾಸನ್ನು (ಟವೆಲ್) ಹಿಂದಿನಿಂದ ಹಾಕಿ, ತಲೆ ಮುಚ್ಚಲಿ. ಕತ್ತಲಾದರೆ ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಮೊದಲು ಹಿಡಿತಕ್ಕೆ ಬರಬೇಕಾದ್ದು ಕಾಲು. ಅಪಾಯ ಇರುವುದು ಉಗುರಿನಲ್ಲಿ, ಕೊಕ್ಕಿನಲ್ಲಿ ಅಷ್ಟಿಲ್ಲ. ರೆಕ್ಕೆಯನ್ನು ಮೈಗೆ ಒತ್ತಿ ಹಿಡಿಯಿರಿ, ಎದೆಯನ್ನು ಅದುಮಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಏಳದಿದ್ದರೆ ಉಸಿರೇ ಇಲ್ಲ. ನೂಲನ್ನು ಎಳೆಯಬಾರದು. ಮೊಂಡು ತುದಿಯ ಕತ್ತರಿಯಿಂದ ಗಾಯದ ಎರಡೂ ಕಡೆ ಎರಡೆರಡು ಇಂಚು ಬಿಟ್ಟು ಕತ್ತರಿಸಿ. ಚರ್ಮದೊಳಗೆ ಇಳಿದ ನೂಲು, ಮುಳ್ಳಿರುವ ಗಾಳ ಎರಡನ್ನೂ ಹಾಗೇ ಬಿಡಿ. ಕೊಕ್ಕಿನಿಂದ ನೂಲು ಜೋತಾಡುತ್ತಿದ್ದರೆ ಗಾಳ ಗಂಟಲಲ್ಲೋ ಹೊಟ್ಟೆಯಲ್ಲೋ ಇರಬಹುದು. ಅದನ್ನು ಗಿಡ್ಡವಾಗಿ ಕತ್ತರಿಸಿದರೆ ಹಕ್ಕಿ ನುಂಗಿಬಿಡುತ್ತದೆ, ಆಮೇಲೆ ಹಿಡಿದು ತೆಗೆಯಲು ಏನೂ ಉಳಿಯುವುದಿಲ್ಲ. ಉದ್ದಕ್ಕೆ ಬಿಟ್ಟು ತುದಿಯನ್ನು ನೆತ್ತಿಯ ಗರಿಗೆ ಸಣ್ಣ ಪೇಪರ್ ಟೇಪಿನಿಂದ ಅಂಟಿಸಿ ಎಕ್ಸ್‌ರೇಗೆ ಕಳಿಸಿ.

ನೂಲು ಬಿಡಿಸಿದ ಕೂಡಲೇ ಹಕ್ಕಿ ರೆಕ್ಕೆ ಬಡಿಯುತ್ತದೆ, ಸುತ್ತ ನಿಂತವರು ‘ಬಿಡಿ ಬಿಡಿ’ ಅನ್ನುತ್ತಾರೆ. ಬಿಡಬೇಡಿ. ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಭಾಗದಲ್ಲಿ ಒಂದು ತೆಳು ಚರ್ಮದ ಪರದೆ ಇದೆ. ನೂಲು ಬಿಗಿದದ್ದು ಅಲ್ಲಾದರೆ ರಕ್ತ ಸಿಗದ ಭಾಗ ಮೂರನೆಯ, ನಾಲ್ಕನೆಯ ದಿನ ಕಪ್ಪಾಗಿ ಹರಿದುಹೋಗುತ್ತದೆ. ಮೊದಲ ದಿನ ಬಿಟ್ಟ ಗರುಡ ಆ ಹೊತ್ತಿಗೆ ಯಾವುದೋ ತೋಟದಲ್ಲಿ ನೆಲಕ್ಕೆ ಬಿದ್ದಿರುತ್ತದೆ.

ಸಾಗಣೆಗೆ 60×40×40 ಸೆಂಟಿಮೀಟರಿನ ರಟ್ಟಿನ ಡಬ್ಬ ಸಾಕು. ಬದಿಗಳಲ್ಲಿ, ಕೆಳಗಡೆಗೆ, ಪೆನ್ಸಿಲ್ ಗಾತ್ರದ ಹತ್ತು ಹನ್ನೆರಡು ತೂತು. ಒಳಗಿನಿಂದ ಹೊರಗೆ ಚುಚ್ಚಿದರೆ ಚೂಪು ಅಂಚು ಒಳಗೆ ಉಳಿಯುವುದಿಲ್ಲ. ಡಬ್ಬದ ತಳಕ್ಕೆ ನೂಲು ಬಿಚ್ಚದ ಹಳೆ ಬಟ್ಟೆ. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಸೀಳಿಕೊಳ್ಳುತ್ತದೆ. ತಂತಿ ಪಂಜರ ಬೇಡವೇ ಬೇಡ, ಬಾಲದ ಗರಿ ಮುರಿದರೆ ಮುಂದಿನ ಗರಿ ಉದುರುವ ಕಾಲದವರೆಗೆ ಹೊಸತು ಬರುವುದಿಲ್ಲ. ಮಳೆಯಲ್ಲಿ ನೆನೆದದ್ದಾದರೆ ಅರ್ಧ ಲೀಟರ್ ಬಾಟಲಿಗೆ ಬೆಚ್ಚಗಿನ ನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದೇ ಬದಿಗೆ ಇಡಿ. ಸೆಕೆಯಾದರೆ ಅದು ಆಚೆ ಸರಿದುಕೊಳ್ಳಲು ಜಾಗ ಇರಬೇಕು.

ಬಾಯಿಗೆ ನೀರು, ಹಾಲು ಬಿಡಬೇಡಿ. ನಾಲಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇದೆ, ನೀರು ಸೀದಾ ಒಳಗೆ ಹೋಗುತ್ತದೆ. ಎದೆಮೂಳೆ ಮುಟ್ಟಿ ನೋಡಿ. ಕತ್ತಿಯ ಅಲಗಿನಂತೆ ಸಿಕ್ಕಿದರೆ ಆ ಹಕ್ಕಿ ಎಷ್ಟೋ ದಿನದಿಂದ ಉಪವಾಸ. ಅಂಥದ್ದಕ್ಕೆ ಮೊದಲು ದ್ರವ, ಆಮೇಲೆ ಆಹಾರ, ಅದೂ ವೈದ್ಯರ ಲೆಕ್ಕದಲ್ಲಿ. ಬಂದ ಕೂಡಲೇ ಇಡೀ ಮೀನು ತುರುಕಿದರೆ ರಾತ್ರಿ ಸಾಯುತ್ತದೆ, ಜನ ‘ಹೊಟ್ಟೆ ತುಂಬ ತಿಂದಿತ್ತಲ್ಲ’ ಅನ್ನುತ್ತಾರೆ.

ಬೂತಾಯಿಯ ಮಾತು ಬಂದದ್ದಕ್ಕೆ ಇದೂ ಇರಲಿ. ಐಸಿನ ಬೂತಾಯಿಯನ್ನೇ ವಾರಗಟ್ಟಲೆ ಕೊಟ್ಟರೆ ಬಿ1 ಜೀವಸತ್ವದ ಕೊರತೆಯಾಗಿ ಹಕ್ಕಿ ತಲೆ ಹಿಂದಕ್ಕೆ ತಿರುಚಿ ನಡುಗುತ್ತದೆ. ಆ ಸತ್ವವನ್ನು ಒಡೆಯುವ ಕಿಣ್ವ ಆ ಮೀನಿನಲ್ಲೇ ಇದೆ, ಶೈತ್ಯದಲ್ಲಿಟ್ಟಷ್ಟೂ ಉಳಿದದ್ದೂ ಕಮ್ಮಿಯಾಗುತ್ತದೆ. ಮಾನ್ಯತೆ ಇರುವ ಕಡೆ ಒಂದು ಕಿಲೋ ಮೀನಿಗೆ 25ರಿಂದ 30 ಮಿಲಿಗ್ರಾಂ ಥಯಾಮಿನ್ (ಅದೇ ಬಿ1) ಸೇರಿಸುವುದು ಅದಕ್ಕೇ. ಗೂಬೆಮರಿಗೆ ಬರೀ ಕೋಳಿ ಎದೆಮಾಂಸ ಹಾಕುವುದೂ ಇಂಥದ್ದೇ ತಪ್ಪು: ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲ, ಮೂರು ವಾರದಲ್ಲಿ ಕಾಲು ಬಿಲ್ಲಾಗುತ್ತದೆ.

ಹಳೇ_ಬೀಟು:

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಗೂಬೆಮರಿಯನ್ನು ಡಬ್ಬಕ್ಕೆ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಗಾಯ ಇಲ್ಲದ ಮರಿಗೆ ಬೇಕಾದ್ದು ಆಸ್ಪತ್ರೆ ಅಲ್ಲ, ಅದರ ತಾಯಿ. ನಮ್ಮ ಕಡೆ ಸತ್ತ ತೆಂಗಿನ ಪೊಟರೆಯಲ್ಲಿ ಇರುವುದು ಹೆಚ್ಚಾಗಿ ಹಾಲಕ್ಕಿ ಎಂಬ ಸಣ್ಣ ಗೂಬೆ. ಮರ ಉರುಳಿದ ಮೇಲೆ ಪೊಟರೆ ಇರುವ ಎರಡು ಮೂರು ಅಡಿಯ ತುಂಡನ್ನು ಹಾಗೇ ಕೊಯ್ಯಲು ಹೇಳಿ. ತಳಕ್ಕೆ ಹಲಗೆ ಹೊಡೆದು, ನೀರು ಇಳಿಯಲು ನಾಲ್ಕು ತೂತು ಕೊರೆದು, ಪಕ್ಕದ ಮರಕ್ಕೆ 3ರಿಂದ 4 ಮೀಟರ್ ಎತ್ತರದಲ್ಲಿ ನೆಟ್ಟಗೆ ಕಟ್ಟಿ. ಬಾಯಿ ಮಳೆ ಹೊಡೆಯುವ ಪಡುವಣಕ್ಕೆ ತಿರುಗಿರಬಾರದು. ಮರಿಗಳನ್ನು ಒಳಗಿಟ್ಟು ಮೂವತ್ತು ಮೀಟರ್ ದೂರ ಕೂತು ಕತ್ತಲಾಗುವವರೆಗೆ ನೋಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಬರೀ ಮಾತು. ಅದೇ ದಿನ ಮಾಡಿದರೆ ಹೆಚ್ಚಾಗಿ ಬರುತ್ತವೆ. ವಲಯ ಕಚೇರಿಗೆ ಒಂದು ಫೋನ್ ಆಗಲೂ ಮಾಡಿ.

ಕೈಹಾಕಲೇಬಾರದ ಲೆಕ್ಕವೂ ಉಂಟು. ಬಾವಿಗೆ ಬಿದ್ದ ಚಿರತೆ, ಹೆದ್ದಾರಿಯಲ್ಲಿ ಪೆಟ್ಟಾದ ಕಾಡುಕೋಣ: ಜನರನ್ನು ದೂರ ನಿಲ್ಲಿಸುವುದಷ್ಟೇ ನಿಮ್ಮ ಕೆಲಸ. ಘಟ್ಟದ ಬುಡದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಕೂಡ ಹೋಗಬೇಡಿ, ಉಣುಗು ಹತ್ತಿದರೆ ಮಂಗನ ಕಾಯಿಲೆ. ಆರೋಗ್ಯ ಇಲಾಖೆಗೂ ತಿಳಿಸಬೇಕು. ಬಾವಲಿಯನ್ನು ಬರಿಗೈಯಲ್ಲಿ ಎತ್ತಬಾರದು. ಮುಂಗುಸಿ, ಕಬ್ಬೆಕ್ಕು, ನರಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ. ತಂಡದವರೆಲ್ಲ ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರುವುದು ಒಳ್ಳೆಯದು, 0, 7, ಮತ್ತೆ 21 ಇಲ್ಲವೇ 28ನೇ ದಿನ.

ಮಲ್ಪೆಗಾಳಿ:

ಶೆಡ್ ಯೋಚನೆ ಬಿಟ್ಟೆವು. ಒಂದೇ ಪ್ರಶ್ನೆ ಉಳಿದದ್ದು. ಶನಿವಾರ ರಾತ್ರಿ ಹಕ್ಕಿ ಸಿಕ್ಕಿ, ಯಾರೂ ಫೋನ್ ಎತ್ತದಿದ್ದರೆ ಎಂತ ಮಾಡುದು?

ಹಳೇ_ಬೀಟು:

ಅರಣ್ಯ ಸಹಾಯವಾಣಿ 1926ಕ್ಕೆ ಮಾಡಿ. ಅಲ್ಲೂ ಆಗದಿದ್ದರೆ 112. ಪೊಲೀಸ್ ಠಾಣೆಗೆ ಹೇಳಿದ್ದೂ ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಕೂಡಲೇ ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ ಇಬ್ಬರಿಗೂ ವಾಟ್ಸಾಪ್ ಹಾಕಿ: ಯಾವ ಹಕ್ಕಿ, ಎಲ್ಲಿ, ಎಷ್ಟು ಗಂಟೆಗೆ, ಯಾರಿಗೆ ಸಿಕ್ಕಿತು, ಎಂಥ ಗಾಯ, ಈಗ ಯಾರ ಮನೆಯಲ್ಲಿದೆ. ಲೊಕೇಶನ್ ಮತ್ತು ಡಬ್ಬದೊಳಗಿನ ಒಂದೇ ಒಂದು ಫೋಟೊ. ಬೆಳಗ್ಗೆ ಒಪ್ಪಿಸುವವರೆಗೆ ಡಬ್ಬ ಕತ್ತಲೆ ಕೋಣೆಯಲ್ಲಿ, ನಾಯಿ ಬೆಕ್ಕು ಮಕ್ಕಳಿಂದ ದೂರ, ಮತ್ತೆ ತೆರೆಯುವುದು ಬೇಡ.

ಒಂದು ದಪ್ಪ ನೋಟ್‌ಬುಕ್ ಇಡಿ, ಪುಟಕ್ಕೆ ನಂಬರ್ ಹಾಕಿ. ಒಪ್ಪಿಸುವಾಗ ‘ಜೀವಂತ ಗರುಡ 1, ಎಡ ರೆಕ್ಕೆಗೆ ನೂಲಿನ ಗಾಯ, ಇಷ್ಟು ಗ್ರಾಂ’ ಅಂತ ಬರೆದು ತಾರೀಕು, ಗಂಟೆ ಸಮೇತ ತೆಗೆದುಕೊಂಡವರ ಸಹಿ ಹಾಕಿಸಿ. ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಡಬ್ಬದ ತೂಕ ಮೊದಲೇ ಬರೆದಿಟ್ಟು ಕಳೆದರಾಯಿತು. ಸಿಕ್ಕಿದ ಜಾಗವನ್ನು ಮಾತ್ರ ‘ಮಲ್ಪೆ’ ಅಂತ ಬಿಟ್ಟುಬಿಡಬೇಡಿ, ಬಂದರಿನ ಯಾವ ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಯಾವ ಮರ ಅಂತ ಬರೆಯಿರಿ. ಗುಣವಾದ ಮೇಲೆ ಅದನ್ನು ಬಿಡಬೇಕಾದ್ದು ಅಲ್ಲೇ, ಆಗ ಆ ಒಂದು ಸಾಲಿಗಾಗಿ ನಿಮಗೇ ಫೋನ್ ಬರುತ್ತದೆ.