ಸಹಾಯ ಬೇಕು: ಬಿಸಿ ಪಾತ್ರೆ ಹಿಡಿದ ಕೈ ಏಕೆ ಹಿಂದೆ ಸರಿಯುವುದಿಲ್ಲ?

ಮಾನ್ಯರೇ, ತೀರ್ಥಹಳ್ಳಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೇನೆ. ಬಚ್ಚಲೊಲೆಯ ಕಾದ ಹಂಡೆಗೆ ಬೆರಳು ತಾಗಿದರೆ, ಸಂವೇದನಾ ನರದ ಸಂದೇಶ ಮೆದುಳುಬಳ್ಳಿಯಲ್ಲೇ ನಡುವಿನ ನರಕೋಶವನ್ನು ದಾಟಿ ಚಾಲಕ ನರವನ್ನು ತಲುಪುವುದರಿಂದ, ಮೆದುಳಿಗೆ ಉರಿಯ ಅರಿವಾಗುವ ಮೊದಲೇ ಕೈ ಹಿಂದೆ ಸರಿಯುತ್ತದೆ ಎಂದು ವಿವರಿಸಿದೆ. ಆಗ ವಿದ್ಯಾರ್ಥಿನಿಯೊಬ್ಬಳು, ‘ಹಾಗಾದರೆ ಅಮ್ಮ ಕಡುಬಿನ ಬಿಸಿ ಪಾತ್ರೆಯನ್ನು ಕೆಳಗಿಡುವವರೆಗೂ ಬಿಡದೆ ಹೇಗೆ ಹಿಡಿದಿರುತ್ತಾರೆ ಸರ್?’ ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ.

ಮೆದುಳು ಈ ಪ್ರತಿಕ್ರಿಯೆಯನ್ನು ತಡೆಹಿಡಿಯಬಲ್ಲದು ಎಂಬಷ್ಟು ತಿಳಿದಿದೆ. ಆದರೆ ಪಠ್ಯದ ಚಿತ್ರದಲ್ಲಿ ಮೆದುಳಿಗೆ ಏರುವ ದಾರಿಯಷ್ಟೇ ಇದೆ, ಇಳಿಯುವ ದಾರಿಯಿಲ್ಲ. ಸಹೋದ್ಯೋಗಿಗಳಲ್ಲೂ ಉತ್ತರ ಸಿಗಲಿಲ್ಲ. ಮೆದುಳಿನ ಆ ತಡೆ ಬಂದು ಮುಟ್ಟುವುದು ನಡುವಿನ ನರಕೋಶಕ್ಕೋ, ನೇರವಾಗಿ ಚಾಲಕ ನರಕೋಶಕ್ಕೋ? ಬಲ್ಲವರು ಹತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗುವಂತೆ ದಯವಿಟ್ಟು ತಿಳಿಸುವಿರಾ?