ಪೈಥಾನ್ ಬರುತ್ತೆ, ಕೆಳಗಿಳಿಯಬೇಕು: ಸಿ ಮೊದಲೋ, ಅಸೆಂಬ್ಲಿ ಮೊದಲೋ?

ಹೊಸಬೇರು:
ಫೈಲ್ ಓದಿ ಲೆಕ್ಕ ಹಾಕುವ ಮಟ್ಟಿಗೆ ಪೈಥಾನ್ ಸಲೀಸು. ಆದರೆ 2 ಕೋಟಿ ಪೂರ್ಣಾಂಕಗಳನ್ನು ಒಂದು ಲಿಸ್ಟ್‌ಗೆ ತುಂಬಿದರೆ 800 ಎಂಬಿ ಆಸುಪಾಸು ಮೆಮೊರಿ ಹೋಗುತ್ತಿದೆ. ಒಂದು ಸಂಖ್ಯೆಗೆ 4 ಬೈಟ್ ಸಾಕಲ್ಲವೇ? 80 ಎಂಬಿ ಆಗಬೇಕಿತ್ತು. ಉಳಿದದ್ದು ಎಲ್ಲಿ ಹೋಯಿತು? ಇದೆಲ್ಲ ತಿಳಿಯಲು ಸಿ ಇಂದ ಶುರು ಮಾಡಲೋ, ನೇರ ಅಸೆಂಬ್ಲಿಗೇ (ಚಿಪ್‌ನ ಸ್ವಂತ ಸೂಚನೆಗಳ ಭಾಷೆ) ಇಳಿಯಲೋ? ದಿನಕ್ಕೆ ಒಂದು ಗಂಟೆ ಸಿಗುತ್ತದೆ.

ಪಾಯಿಂಟರ್‌ಪ್ರಿಯ:
ಮೊದಲು ಮೆಮೊರಿ ಲೆಕ್ಕ. 64 ಬಿಟ್ ಸಿಪೈಥಾನ್‌ನ (ಸಾಮಾನ್ಯವಾಗಿ ಬಳಸುವ ಪೈಥಾನ್) ಲಿಸ್ಟ್ ಸಂಖ್ಯೆಯನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅದರ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದಕ್ಕೆ 8 ಬೈಟ್. ಸಂಖ್ಯೆ ಬೇರೆಲ್ಲೋ ಆಬ್ಜೆಕ್ಟ್ ಆಗಿ ಕೂತಿರುತ್ತದೆ: ರೆಫರೆನ್ಸ್ ಎಣಿಕೆಗೆ (ಅದನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದಾರೆ ಎಂಬ ಲೆಕ್ಕ) 8, ಟೈಪ್‌ನ ವಿಳಾಸಕ್ಕೆ 8, ಉದ್ದ ಮತ್ತು ಚಿಹ್ನೆಗೆ 8, ಅಸಲಿ ಬೆಲೆಗೆ 4. ಒಟ್ಟು 28, ಮೆಮೊರಿ ಸಿಗುವುದು 16ರ ಗುಣಕದಲ್ಲಿ, ಹಾಗಾಗಿ 32. ವಿಳಾಸದ 8 ಸೇರಿ 40. ಇದನ್ನು 2 ಕೋಟಿಯಿಂದ ಗುಣಿಸಿ, ನಿಮ್ಮ 800 ಎಂಬಿ ಸಿಕ್ಕಿತು. 100 ಕೋಟಿಯೊಳಗಿನ ಸಂಖ್ಯೆಗಳಿಗೆಲ್ಲ ಇದೇ ಲೆಕ್ಕ. ಪರೀಕ್ಷಿಸುವಾಗ 256ಕ್ಕಿಂತ ದೊಡ್ಡ ಸಂಖ್ಯೆಗಳನ್ನೇ ಬಳಸಿ. ಚಿಕ್ಕವನ್ನು ಪೈಥಾನ್ ಮೊದಲೇ ಮಾಡಿಟ್ಟಿರುವುದರಿಂದ ಲೆಕ್ಕ ತಪ್ಪುತ್ತದೆ. ಸಂಖ್ಯೆಗಳನ್ನೇ ಸಾಲಾಗಿ ಇಡುವ ಅರೇ ಮಾಡ್ಯೂಲ್ ಬಳಸಿದರೆ 80 ಎಂಬಿಯಲ್ಲೇ ಮುಗಿಯುತ್ತದೆ.

ನಿಮ್ಮ ಪ್ರಶ್ನೆ ಮೆಮೊರಿಯದ್ದು, ಹಾಗಾಗಿ ಸಿ ಮೊದಲು. ಒಂದೇ ಒಂದು ಗುರಿ ಇಟ್ಟುಕೊಳ್ಳಿ: ತಾನಾಗಿ ಬೆಳೆಯುವ ಅರೇ ಒಂದನ್ನು ನೀವೇ ಕಟ್ಟುವುದು. ಮೆಮೊರಿ ಕೊಡುವ ಮ್ಯಾಲಾಕ್‌ನಿಂದ 4 ಜಾಗ ತೆಗೆದುಕೊಳ್ಳಿ, ತುಂಬಿದಾಗ ಅದನ್ನು ಹಿಗ್ಗಿಸುವ ರಿಯಾಲಾಕ್‌ನಿಂದ ದುಪ್ಪಟ್ಟು ಮಾಡಿ, ಕೊನೆಗೆ ಫ್ರೀ ಮಾಡಿ. ಪೈಥಾನ್ ಲಿಸ್ಟ್‌ನ ಒಳಗೂ ಇದೇ ಉಪಾಯ, ಬೆಳೆಯುವ ಪ್ರಮಾಣ ಮಾತ್ರ ಕಡಿಮೆ.

ಎಡವುವುದು ರಿಯಾಲಾಕ್‌ನಲ್ಲಿ. ಅದು ಕೊಟ್ಟದ್ದನ್ನು ಹಳೆಯ ಪಾಯಿಂಟರ್‌ಗೇ (ವಿಳಾಸ ಹಿಡಿದಿಡುವ ವೇರಿಯಬಲ್) ನೇರ ಹಾಕಿದರೆ, ಜಾಗ ಸಿಗದೆ ‘ಏನೂ ಇಲ್ಲ’ ಎಂಬ ನಲ್ ಬಂದಾಗ ಹಳೆಯ ವಿಳಾಸವೂ ಕೈತಪ್ಪುತ್ತದೆ. ಬೇರೆ ಪಾಯಿಂಟರ್‌ಗೆ ಹಾಕಿ, ನೋಡಿ, ಆಮೇಲೆ ಬದಲಿಸಿ. ಇನ್ನೊಂದು: ಅರೇ ಬೆಳೆದಾಗ ಇಡೀ ಬ್ಲಾಕ್ ಬೇರೆಡೆಗೆ ಹೋಗಬಹುದು, ಮುಂಚೆ ಹಿಡಿದಿಟ್ಟ ಪಾಯಿಂಟರ್‌ಗಳೆಲ್ಲ ಆಗ ಖಾಲಿ ಮನೆಯ ವಿಳಾಸ. ಇಂಥ ತಪ್ಪು ಹತ್ತು ಸಲ ಸರಿಯಾಗಿ ಓಡಿ ಹನ್ನೊಂದನೆಯ ಸಲ ಕುಸಿಯುತ್ತದೆ. ಕಲಿಯುವಷ್ಟು ದಿನ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕದೆ ಕಂಪೈಲ್ ಮಾಡಲೇಬೇಡಿ. ತಪ್ಪಿದ ಸಾಲನ್ನೇ ಅದು ತೋರಿಸುತ್ತದೆ.

ಎಂಟುಬಿಟ್:
ಲೆಕ್ಕ ಒಪ್ಪಿದೆ, ಕ್ರಮ ಒಪ್ಪುವುದಿಲ್ಲ. ಇಂದಿನ ಕಂಪ್ಯೂಟರ್‌ಗಳ ಎಕ್ಸ್86 ಅಸೆಂಬ್ಲಿ ಹೊಸಬರಿಗೆ ಕಾಡು, ನಿಜ. ಆದರೆ 1975ರ 6502 ಚಿಪ್ ಅಂಗೈಯಲ್ಲಿ ಹಿಡಿಯುವಷ್ಟಿದೆ: 56 ಸೂಚನೆಗಳು, ಕೆಲಸಕ್ಕೆ ಎ, ಎಕ್ಸ್, ವೈ ಎಂಬ ಮೂರು ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ಜಾಗ), ತಾತ್ಕಾಲಿಕ ಬೆಲೆಗಳನ್ನು ಒಂದರ ಮೇಲೊಂದು ಇಡುವ ಸ್ಟ್ಯಾಕ್‌ಗೆ 256 ಬೈಟ್. ಬ್ರೌಸರ್‌ನಲ್ಲೇ ಓಡುವ ಸಿಮ್ಯುಲೇಟರ್‌ಗಳಿವೆ. ಮೂರು ವಾರ ಇದರ ಜೊತೆ ಕಳೆದವರಿಗೆ ಪಾಯಿಂಟರ್ ಎಂದರೆ ಭಯವೇ ಇರುವುದಿಲ್ಲ.

ಮೊದಲ ಅಭ್ಯಾಸಕ್ಕೆ 200 + 100. ಉತ್ತರ 44 ಬರುತ್ತದೆ, ಏಕೆಂದರೆ ಒಂದು ಬೈಟ್‌ನಲ್ಲಿ 255ರವರೆಗೆ ಮಾತ್ರ ಜಾಗ. ಮಿಕ್ಕ 256 ಕ್ಯಾರಿ ಫ್ಲ್ಯಾಗ್ ಎಂಬ ಒಂದು ಬಿಟ್‌ಗೆ ಹೋಗಿರುತ್ತದೆ. ಈಗ ಎರಡೆರಡು ಬೈಟ್‌ನ ಸಂಖ್ಯೆಗಳನ್ನು ಕೂಡಿಸಿ: ಮೊದಲು ಕ್ಯಾರಿ ಅಳಿಸಿ, ಕೆಳಗಿನ ಬೈಟ್ ಕೂಡಿ, ಕ್ಯಾರಿಯನ್ನು *ಅಳಿಸದೆ* ಮೇಲಿನ ಬೈಟ್ ಕೂಡಿ. ಈ ಚಿಪ್‌ನಲ್ಲಿ ಕ್ಯಾರಿ ಬಿಟ್ಟು ಕೂಡುವ ಸೂಚನೆಯೇ ಇಲ್ಲ. ಶುರುವಿನಲ್ಲಿ ಅಳಿಸಲು ಮರೆತರೆ ಉತ್ತರ ಆಗಾಗ ಒಂದು ಹೆಚ್ಚು ಬರುತ್ತದೆ. ಶಾಲೆಯ ‘ದಶಕ’ ಕೂಡುವ ಲೆಕ್ಕವೇ ಇದು.

ಕಂಪೈಲ್‌ಕಟ್ಟೆ:
ಇಬ್ಬರ ನಡುವೆ ಒಂದು ದಾರಿಯಿದೆ. ನೀವೇ ಬರೆದ ಸಿ ಫಂಕ್ಷನ್ ಒಂದನ್ನು ತೆಗೆದುಕೊಂಡು, ಜಿಸಿಸಿ ಕಂಪೈಲರ್‌ಗೆ ಕ್ಯಾಪಿಟಲ್ ‘ಎಸ್’ ಫ್ಲ್ಯಾಗ್ ಕೊಟ್ಟು ಅಸೆಂಬ್ಲಿ ಫೈಲ್ ಹೊರಡಿಸಿ. ಮೊದಲು ಆಪ್ಟಿಮೈಸೇಶನ್ (ಕೋಡ್ ಚುರುಕುಗೊಳಿಸುವ ಮಟ್ಟ) 0 ಇಡಿ: ಪ್ರತಿ ವೇರಿಯಬಲ್ ಸ್ಟ್ಯಾಕ್‌ನಿಂದ ಬಂದು ಮತ್ತೆ ಸ್ಟ್ಯಾಕ್‌ಗೇ ಮರಳುವುದು ಕಾಣುತ್ತದೆ. ಆಮೇಲೆ 2 ಇಟ್ಟು ಹೋಲಿಸಿ. ಲೂಪ್‌ನ ಉತ್ತರವನ್ನು ಎಲ್ಲೂ ಬಳಸದಿದ್ದರೆ ಲೂಪ್ ಇಡಿಯಾಗಿ ಮಾಯವಾಗುತ್ತದೆ. ಗಾಬರಿ ಬೇಡ, ಉತ್ತರವನ್ನು ರಿಟರ್ನ್ ಮಾಡಿ.

ಹೊಸಬೇರು:
ಎಲ್ಲರಿಗೂ ಧನ್ಯವಾದ. ಸಿ ಶುರು ಮಾಡುತ್ತೇನೆ, ಅದರ ಅಸೆಂಬ್ಲಿಯನ್ನೂ ಓದುತ್ತಾ ಹೋಗುತ್ತೇನೆ. ಒಂದು ಅನುಮಾನ: ‘ಕನ್ನಡ’ ಎಂಬ ಪದಕ್ಕೆ ಉದ್ದ ಹೇಳುವ ಪೈಥಾನ್‌ನ ಲೆನ್ 5 ಅನ್ನುತ್ತದೆ, ಸಿಯ ಸ್ಟ್ರ್‌ಲೆನ್ 15 ಅನ್ನುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ!

ಪಾಯಿಂಟರ್‌ಪ್ರಿಯ:
ಮೂರೂ ಸರಿ. ಯೂನಿಕೋಡ್‌ನಲ್ಲಿ ಆ ಪದ ಕ, ನ, ವಿರಾಮ (ಒತ್ತಕ್ಷರ ತರುವ ಚಿಹ್ನೆ), ನ, ಡ ಎಂದು 5 ಸಂಕೇತಗಳು. ಪೈಥಾನ್ ಎಣಿಸುವುದು ಇವನ್ನು. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅದಕ್ಕೇ ಸಿಗೆ 15. ಸ್ಟ್ರ್‌ಲೆನ್ ಬೈಟ್ ಬಿಟ್ಟು ಬೇರೇನನ್ನೂ ಎಣಿಸುವುದಿಲ್ಲ. ಹಾಗಾಗಿ 10 ಬೈಟ್‌ಗೆ ಕತ್ತರಿಸಿದರೆ ನಾಲ್ಕನೆಯ ಸಂಕೇತ ಅರ್ಧಕ್ಕೇ ತುಂಡಾಗಿ ಕೊನೆಯಲ್ಲಿ ಪ್ರಶ್ನಾರ್ಥಕ ಚೌಕ ಬರುತ್ತದೆ. ಈ ಪದವನ್ನು 3ರ ಗುಣಕಕ್ಕೇ ಕತ್ತರಿಸಿ. ಮತ್ತೆ, ಈ ಪದಕ್ಕೆ ಅರೇ ಮಾಡುವಾಗ 15 ಅಲ್ಲ, 16 ಬೈಟ್ ಇಡಿ. ಕೊನೆಯ ಸೊನ್ನೆ ಬೈಟ್‌ಗೂ ಜಾಗ ಬೇಕು, ಸ್ಟ್ರ್‌ಲೆನ್ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.