ಆ ಮುದ್ರೆಯ ಮೊದಲ ಅಕ್ಷರ

(ಇತಿಹಾಸ ಎಂ.ಎ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು)

ರಮೇಶ: [ಫೋಟೊ, ಫಾರ್ವರ್ಡ್ ಆಗಿದ್ದು] "ಚೀನಾ ಚಕ್ರವರ್ತಿ ಹೂಣರ ರಾಜನಿಗೆ ಕೊಟ್ಟ ಚಿನ್ನದ ಮುದ್ರೆ. ಇಬ್ಬರೂ ಸರಿಸಮಾನರಾಗಿದ್ದರು ಅನ್ನೋದಕ್ಕೆ ಸಾಕ್ಷಿ!"

ಗಿರೀಶ: ಚಿನ್ನ ಅಲ್ಲ ಕಣೋ, ಕಂಚು. ಚಿಂಗ್‌ಹಾಯ್ ಪ್ರಾಂತ್ಯದ ದಾತೊಂಗ್ ಹತ್ತಿರ, ಚೀನಾ ಆಳಿದ ಪೂರ್ವ ಹಾನ್ ವಂಶದ ಕಾಲದ (ಕ್ರಿ.ಶ. 25–220) ಸಮಾಧಿಯಲ್ಲಿ ಸಿಕ್ಕಿದ್ದು. ಚಚ್ಚೌಕ, ಬದಿ ಸುಮಾರು 2.3 ಸೆಂ.ಮೀ., ಅಂದರೆ ಆಗಿನ ಚೀನೀ ಅಳತೆಯಲ್ಲಿ ಒಂದು ಚುನ್. ಹಿಡಿ ಒಂಟೆಯ ಆಕಾರದಲ್ಲಿದೆ. ಉತ್ತರದ ಕುಲಗಳಿಗೆ ಒಂಟೆ, ದಕ್ಷಿಣದ ದಿಯಾನ್ ರಾಜನಿಗೆ ಹಾವು. ಜಪಾನಿನಲ್ಲಿ 1784ರಲ್ಲಿ ಸಿಕ್ಕ ಚಿನ್ನದ ಮುದ್ರೆಗೂ ಹಾವೇ.

ಸುಜಾತ: ಅದರ ಮೇಲಿರೋದು ಎಂಟು ಅಕ್ಷರ: ಹಾನ್ – ಶಿಯೊಂಗ್ನು – ಗುಯ್‌ಯಿ – ಚಿನ್‌ಹಾನ್ – ಜಾಂಗ್. "ಹಾನ್‌ಗೆ ಸೇರಿದ, ಧರ್ಮಕ್ಕೆ ಮರಳಿ ಬಂದ, ಹಾನ್‌ಗೆ ಆಪ್ತನಾದ ಶಿಯೊಂಗ್ನು ಮುಖಂಡ" ಅಂತ. ಶಿಯೊಂಗ್ನು ಅಂದರೆ ಚೀನಾದ ಉತ್ತರದ ಅಲೆಮಾರಿ ಕುಲಗಳು, ಈ ಫಾರ್ವರ್ಡ್ 'ಹೂಣರು' ಅಂದಿರೋದು ಅವರನ್ನೇ. ರಾಜ ಅಂತ ಎಲ್ಲಿದೆ? ಗಡಿಯ ಕುಲಗಳ ನಾಯಕರಿಗೆ ಹಾನ್ ಕೊಡ್ತಿದ್ದ ದರ್ಜೆಗಳಲ್ಲಿ ವಾಂಗ್ (ರಾಜ) ಮೇಲೆ, ಅದರ ಕೆಳಗೆ ಹೌ, ಆಮೇಲೆ ಜುನ್, ಕಟ್ಟಕಡೆಗೆ ಜಾಂಗ್. ಇವನು ಆ ಕೊನೇ ಮೆಟ್ಟಿಲಿನವನು.

ರಮೇಶ: ದರ್ಜೆ ಚಿಕ್ಕದೇ ಇರಲಿ ಸುಜಾತ. 'ಆಪ್ತ' ಅಂತ ತಾನೇ ಕೆತ್ತಿರೋದು, 'ಅಧೀನ' ಅಂತ ಇಲ್ವಲ್ಲ. ಕ್ರಿ.ಪೂ. 51ರಲ್ಲಿ ಹುಹಾನ್ಯೆ ಚಾನ್ಯು (ಶಿಯೊಂಗ್ನುಗಳ ದೊರೆ) ಹಾನ್ ಆಸ್ಥಾನಕ್ಕೆ ಬಂದಾಗ ಅವನಿಗೆ ಸಿಕ್ಕಿದ್ದು ಚಿನ್ನದ ಮುದ್ರೇನೇ. ಅರಸುಮಕ್ಕಳಿಗಿಂತ ಮೇಲಿನ ಸ್ಥಾನದಲ್ಲಿ ಕೂರಿಸಿದರು. ಹೆಸರು ಹಿಡಿದು ಕರೀಲಿಲ್ಲ.

ಗಿರೀಶ: ಅದು ಸರಿ. ಆದರೆ 'ಸಾಮಂತ' ಅಂತಲೇ ಸಾರಿದ್ದು, ಅದನ್ನ ಬಿಟ್ಟೆ ನೀನು. ಆಮೇಲೆ ಅವನು ಚಾನ್ಯು, ಇಡೀ ಕುಲಗಳ ಒಡೆಯ. ಇವನು ಒಂದು ಪಂಗಡದ ಹಿರಿಯ. 'ಆಪ್ತ' ಅನ್ನೋ ಪದ ಬಿಡು, ಮೊದಲ ಅಕ್ಷರ ನೋಡು: 'ಹಾನ್'. ಅದರ ತೂಕ ಎಷ್ಟು ಅಂತ ಶಿಯೊಂಗ್ನುಗಳೇ ಬಾಯಿಬಿಟ್ಟು ಹೇಳಿದಾರೆ.

ಕ್ರಿ.ಶ. 9ರಲ್ಲಿ ವಾಂಗ್ ಮಾಂಗ್ ಹಾನ್ ವಂಶದಿಂದ ಪಟ್ಟ ಕಸಿದುಕೊಂಡು ತನ್ನ ವಂಶಕ್ಕೆ 'ಶಿನ್' ಅಂತ ಹೆಸರಿಟ್ಟ. ಚಾನ್ಯು ಹತ್ತಿರ ಇದ್ದ ಹಳೇ ಮುದ್ರೆಯಲ್ಲಿ 'ಶಿಯೊಂಗ್ನು ಚಾನ್ಯು ಶಿ' ಅಂತಿತ್ತು. ವಾಂಗ್ ಮಾಂಗ್‌ನ ದೂತರು ಅದರ ಬದಲಿಗೆ ತಂದ ಹೊಸದರಲ್ಲಿ 'ಶಿನ್ ಶಿಯೊಂಗ್ನು ಚಾನ್ಯು ಜಾಂಗ್'. ಈ ಜಾಂಗ್ ಬೇರೆ, ಮುಖಂಡ ಅಲ್ಲ. ಅಧಿಕಾರಿಗಳ ಮುದ್ರೆಗೆ ಹೇಳೋ ಪದ. 'ಶಿ' ಚಕ್ರವರ್ತಿಯ ಮುದ್ರೆಗೂ ಸಲ್ಲೋ ಪದ. ಬರಹ ನೋಡದೆ ಹಳೇದನ್ನ ಕೊಡಬೇಡಿ ಅಂತ ಚಾನ್ಯುವಿನ ಆಸ್ಥಾನಿಕ ಸು ಅನ್ನೋನು ತಡೆದ. ಚಾನ್ಯು ಕೇಳದೆ ಕೊಟ್ಟುಬಿಟ್ಟ. ಮಾರನೇ ದಿನ ವಾಪಸ್ ಕೇಳ್ತಾರೆ ಅಂತ ಹೆದರಿ, ಅದೇ ರಾತ್ರಿ ದೂತರಲ್ಲೊಬ್ಬ, ಚೆನ್ ರಾವ್, ಕೊಡಲಿಯಿಂದ ಅದನ್ನ ಒಡೆದು ಹಾಕಿದ. ಬೆಳಗ್ಗೆ ಚಾನ್ಯು ಕಡೆಯಿಂದ ಬಂದ ದೂರು ಇಷ್ಟೇ: ಅರಸುಮಕ್ಕಳು ಮತ್ತು ಅವರಿಗಿಂತ ಕೆಳಗಿನವರ ಮುದ್ರೆಯಲ್ಲಿ ಮಾತ್ರ 'ಹಾನ್' ಅಂತ, 'ಜಾಂಗ್' ಅಂತ ಇರುತ್ತೆ, 'ಶಿ' ತೆಗೆದು 'ಶಿನ್' ಸೇರಿಸಿದರೆ ನಮಗೂ ಸೇವಕರಿಗೂ ಏನು ವ್ಯತ್ಯಾಸ?

ರಮೇಶ: ಮೊದಲ ಅಕ್ಷರದ ಮಾತು ಒಪ್ಪಿದೆ. ಹಾಗಂತ ಬರೀ ಆಳು ಅನ್ನೋದೂ ತಪ್ಪಲ್ವಾ? ಏನೂ ಸಿಗದೆ ಯಾರಾದರೂ ಅದನ್ನ ಇಟ್ಕೋತಾರಾ?

ಸುಜಾತ: ಸಿಗ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಹುಹಾನ್ಯೆಗೆ ಗಡಿಯಿಂದ 34,000 ಹೂ ಧಾನ್ಯ ಹೋಯ್ತು (ಒಂದು ಹೂ ಸುಮಾರು 20 ಲೀಟರ್). ಕ್ರಿ.ಶ. 50ರಲ್ಲಿ, ಹಾನ್‌ಗೆ ಶರಣಾಗಿದ್ದ ದಕ್ಷಿಣ ಶಿಯೊಂಗ್ನುಗಳಿಗೆ 25,000 ಹೂ ಧಾನ್ಯ, 36,000 ದನ-ಕುರಿ. ಮುಂದೆ ಅವರಿಗೆ ವರ್ಷಕ್ಕೆ ಹತ್ತು ಕೋಟಿಗೂ ಮೀರಿ ನಾಣ್ಯ ಖರ್ಚಾಗ್ತಿತ್ತು ಅಂತ ಯುವಾನ್ ಆನ್ ಅನ್ನೋ ಮಂತ್ರಿ ಲೆಕ್ಕ ಕೊಟ್ಟಿದಾನೆ. ಬದಲಿಗೆ ಚಾನ್ಯು ತನ್ನ ಮಗನನ್ನ ಒತ್ತೆಯಾಗಿ ಆಸ್ಥಾನದಲ್ಲಿ ಇಡಬೇಕು, ಚೀನೀ ಅಧಿಕಾರಿಯೊಬ್ಬ ಪಾಳೆಯದಲ್ಲೇ ಕೂತು ನಿಗಾ ಇಡ್ತಾನೆ. ಇದನ್ನ ಸರಿಸಮಾನ ಅನ್ನೋಕೆ ನನ್ನಿಂದ ಆಗಲ್ಲ.

ವಸುಧಾ: ಇನ್ನೊಂದು ತಪ್ಪನ್ನ ಯಾರೂ ಗಮನಿಸಿಲ್ಲ. ಫೋಟೊ ಕೆಳಗೆ 'ಬಲದಿಂದ ಎಡಕ್ಕೆ ಓದಿ' ಅಂತಿದೆ. ಇದು ಮುದ್ರೆಯ ಮುಖದ್ದೇ ಫೋಟೊ, ಅಚ್ಚಿನದ್ದಲ್ಲ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿವೆ. ಹಾಗಾಗಿ ಇಲ್ಲಿ ಎಡಗಡೆಯಿಂದ ಶುರು ಮಾಡಬೇಕು. ಒತ್ತಿದ ಮೇಲೆ ಬಲದಿಂದ. ಒತ್ತುತ್ತಿದ್ದದ್ದು ಕಾಗದದ ಮೇಲಲ್ಲ: ಮರದ ಹಲಗೆಯ ಓಲೆಗೆ ದಾರ ಸುತ್ತಿ, ಗಂಟಿನ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಅದಕ್ಕೆ ಒತ್ತೋದು. ಅಕ್ಷರ ಒಳಕ್ಕೆ ಕೊರೆದಿರೋದು ಅದಕ್ಕೇ, ಮಣ್ಣಲ್ಲಿ ಉಬ್ಬಿ ಏಳುತ್ತೆ. ಮಣ್ಣು ತೀರಾ ಹಸಿ ಇದ್ದರೆ ಗೀರುಗಳಲ್ಲೇ ಅಂಟಿಕೊಳ್ಳುತ್ತೆ, ಒಣಗಿದ್ದರೆ ಬಿರುಕು ಬಿಟ್ಟು ಅರ್ಧ ಅಕ್ಷರ ಹೋಗುತ್ತೆ.

ಗಿರೀಶ: 'ಹೂಣ' ಅನ್ನೋದನ್ನೂ ತೆಗಿ ರಮೇಶ. ಶಿಯೊಂಗ್ನು, ಹೂಣ ಒಂದೇನಾ ಅನ್ನೋ ವಾದ ಇನ್ನೂ ಮುಗಿದಿಲ್ಲ.

ರಮೇಶ: ಸರಿ. ಹೀಗೆ ಬದಲಾಯಿಸ್ತೀನಿ: "ಹಾನ್ ಸಾಮ್ರಾಜ್ಯ ತನ್ನ ಅಧೀನದ ಶಿಯೊಂಗ್ನು ಮುಖಂಡನಿಗೆ ಕೊಟ್ಟ ಕಂಚಿನ ಮುದ್ರೆ, ಒಂಟೆ ಹಿಡಿ, ದಾತೊಂಗ್." ಫೋಟೊ ತಿರುಗಿಸಿ ಹಾಕಲಾ?

ವಸುಧಾ: ತಿರುಗಿಸಬೇಡ, ಆಗ ಅದು ಅಚ್ಚು ಅಂದ್ಕೋತಾರೆ. 'ಮುದ್ರೆಯ ಮುಖ' ಅಂತ ಬರೆದು ಹಾಗೇ ಹಾಕು.